ರಕ್ತಕ್ಯಾನ್ಸರ್ ಇರುವ ಹಿರಿಯರಿಗೆ ಫ್ಲೂ ಲಸಿಕೆ: ಫಲ ಹೆಚ್ಚಲು ಏನು ಮಾಡಬೇಕು?

ಮಳೆಗಾಲ ಶುರುವಾದರೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮನೆಮನೆಯಲ್ಲೂ ನೆಗಡಿ, ಕೆಮ್ಮು, ಜ್ವರ ಇದ್ದದ್ದೇ. ಜೋಶಾಂದಾ ಕುಡಿದು ನಾಲ್ಕು ದಿನ ಮಲಗಿ ಎದ್ದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಆದರೆ ನಿಮ್ಮ ಮನೆಯ ದಾದಾ ಅಥವಾ ನಾನಿಗೆ ದೀರ್ಘಕಾಲದ ರಕ್ತಕ್ಯಾನ್ಸರ್ ಇದ್ದರೆ, ಅದೇ ಫ್ಲೂ ನ್ಯುಮೋನಿಯಾಕ್ಕೆ ತಿರುಗಿ ಜೀವಕ್ಕೇ ಕುತ್ತು ತರಬಹುದು. ಉಸಿರಾಟದ ಸೋಂಕು ಎಷ್ಟು ಬೇಗ ಮನೆ ಬಾಗಿಲಿಗೆ ಬರುತ್ತದೆ ಎಂಬುದು ನಮ್ಮ ಜಿಲ್ಲೆಗೆ ಹೊಸದಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲೇ.

ಫ್ಲೂ ಲಸಿಕೆಯೂ ನಮಗೆ ಅಪರಿಚಿತವಲ್ಲ. ಹಜ್‌ಗೆ ಹೊರಡುವ ವಯಸ್ಸಾದವರಿಗೆ ಮೆದುಳುಜ್ವರದ ಲಸಿಕೆಯ ಜೊತೆ ಇದನ್ನೂ ಕೊಡುವುದನ್ನು ನೀವು ಕಂಡಿರಬಹುದು. ರಕ್ತಕ್ಯಾನ್ಸರ್ ಇರುವವರಿಗೆ ಪ್ರತಿ ವರ್ಷ ಈ ಲಸಿಕೆ ಬೇಕು. ಆದರೆ ಅವರ ದೇಹ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಹಾಗಿದ್ದರೆ ಏನು ಮಾಡಬೇಕು?

ಲಸಿಕೆ ಏಕೆ ಸೋಲುತ್ತದೆ?

ದೀರ್ಘಕಾಲದ ರಕ್ತಕ್ಯಾನ್ಸರ್‌ನಲ್ಲಿ ಮುಖ್ಯವಾಗಿ ಎರಡು ಬಗೆ: ಸಿಎಂಎಲ್ ಮತ್ತು ಸಿಎಲ್‌ಎಲ್. ಸಿಎಂಎಲ್ ಇದ್ದು ಇಮಾಟಿನಿಬ್‌ನಂಥ ಮಾತ್ರೆಯಲ್ಲಿ ಹತೋಟಿಯಲ್ಲಿರುವವರಿಗೆ ಲಸಿಕೆ ಸಾಮಾನ್ಯವಾಗಿ ಇನ್ನೊಂದು ಬಗೆಯವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕಷ್ಟ ಇರುವುದು ಸಿಎಲ್‌ಎಲ್‌ನಲ್ಲಿ. ಇದು ಹೆಚ್ಚಾಗಿ ಅರವತ್ತು ದಾಟಿದವರಿಗೆ ಬರುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ಔಷಧಿಯಿಲ್ಲದೆ, ಬರೀ ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತ ಇರುತ್ತಾರೆ.

ರೋಗಾಣುವನ್ನು ತಡೆಯುವ ಪ್ರತಿಕಾಯಗಳನ್ನು ತಯಾರಿಸುವುದು ರಕ್ತದ ಬಿ ಕಣಗಳು. ಸಿಎಲ್‌ಎಲ್‌ನಲ್ಲಿ ಕೆಡುವುದೇ ಆ ಕಣಗಳು. ರಿಪೋರ್ಟ್‌ನಲ್ಲಿ ಬಿಳಿ ರಕ್ತಕಣ ಐವತ್ತು ಸಾವಿರ, ಲಕ್ಷ ಎಂದು ಇರುತ್ತದೆ. ‘ಇಷ್ಟೊಂದು ಸೈನಿಕರಿದ್ದಾರಲ್ಲ’ ಎಂದು ನೀವು ಧೈರ್ಯ ತಂದುಕೊಳ್ಳಬೇಡಿ. ಅವು ಲೆಕ್ಕಕ್ಕಿವೆ, ಕೆಲಸಕ್ಕಿಲ್ಲ. ಒಳ್ಳೆಯ ಬಿ ಕಣಗಳಿಗೆ ಜಾಗ ಸಿಗದೆ ಪ್ರತಿಕಾಯಗಳು ಕಡಿಮೆಯಾಗುತ್ತವೆ. ಲಸಿಕೆ ಪಾಠ ಹೇಳಿಕೊಟ್ಟರೂ ಕಲಿಯುವವರೇ ಇರುವುದಿಲ್ಲ.

ಫಲ ಹೆಚ್ಚಿಸುವ ದಾರಿಗಳು

ಮೊದಲನೆಯದು, ಬೇಗ ಹಾಕಿಸುವುದು. ರೋಗದ ಆರಂಭದ ಹಂತದಲ್ಲಿ ದೇಹ ಹೆಚ್ಚು ಸ್ಪಂದಿಸುತ್ತದೆ. ‘ಇನ್ನೂ ಔಷಧಿ ಶುರುವಾಗಿಲ್ಲ, ಈಗೇಕೆ’ ಎನ್ನಬೇಡಿ. ಔಷಧಿ ಶುರುವಾಗುವ ಮುಂಚೆಯೇ, ಸಾಧ್ಯವಾದರೆ ಕನಿಷ್ಠ ಎರಡು ವಾರ ಮೊದಲು ಹಾಕಿಸಿ.

ಎರಡನೆಯದು, ಔಷಧಿಯ ಲೆಕ್ಕ. ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಬಿ ಕಣಗಳನ್ನೇ ಅಳಿಸುತ್ತದೆ. ಅದನ್ನು ಪಡೆದ ಬಳಿಕ ಸುಮಾರು ಆರು ತಿಂಗಳು ಲಸಿಕೆಯಿಂದ ಪ್ರತಿಕಾಯ ಹುಟ್ಟುವುದು ತೀರಾ ಕಡಿಮೆ. ಯಾವ ದಿನ ಯಾವ ಇಂಜೆಕ್ಷನ್ ಆಯಿತೆಂದು ಒಂದು ವಹಿಯಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಊರಲ್ಲಿ ಫ್ಲೂ ಹಬ್ಬಿದ್ದರೆ ಕಾಯದೆ ಹಾಕಲು ಅವರೇ ಹೇಳಬಹುದು.

ಮೂರನೆಯದು, ಮಾತ್ರೆ ನಿಲ್ಲಿಸಬೇಡಿ. ಇಬ್ರುಟಿನಿಬ್‌ನಂಥ ಮಾತ್ರೆಗಳೂ ಲಸಿಕೆಯ ಫಲವನ್ನು ಕುಗ್ಗಿಸುತ್ತವೆ. ಹಾಗೆಂದು ಕೆಲವು ದಿನ ಬಿಟ್ಟರೆ ಲಾಭವಾದೀತೇ? ಬ್ರಿಟನ್ನಿನಲ್ಲಿ ಕೋವಿಡ್ ಲಸಿಕೆಯ ವೇಳೆ ಇಂಥ ಮಾತ್ರೆಯನ್ನು ಮೂರು ವಾರ ನಿಲ್ಲಿಸಿ ನೋಡಿದರು. ಪ್ರತಿಕಾಯ ಹೆಚ್ಚಲಿಲ್ಲ. ಸ್ವಂತ ಬುದ್ಧಿಯಿಂದ ನಿಲ್ಲಿಸಿದರೆ ರೋಗ ಕೆರಳುವ ಅಪಾಯವೊಂದೇ ಉಳಿಯುತ್ತದೆ.

ನಾಲ್ಕನೆಯದು, ಹೆಚ್ಚಿನ ಪ್ರಮಾಣ. ಸಾಮಾನ್ಯ ಲಸಿಕೆಯಲ್ಲಿ ಒಂದೊಂದು ತಳಿಯ 15 ಮೈಕ್ರೊಗ್ರಾಂ ಇದ್ದರೆ, ಕೆಲವು ದೇಶಗಳಲ್ಲಿ ವೃದ್ಧರಿಗೆ 60 ಮೈಕ್ರೊಗ್ರಾಂನದು ಕೊಡುತ್ತಾರೆ. ಸಿಎಲ್‌ಎಲ್‌ನಲ್ಲಿ ಅದರಿಂದಲೂ ದೊಡ್ಡ ಲಾಭ ಕಂಡಿಲ್ಲ. ಎರಡನೇ ಡೋಸ್ ಬೇಕೇ ಎಂಬುದನ್ನು ಕ್ಯಾನ್ಸರ್ ವೈದ್ಯರಿಗೇ ಕೇಳಿ. ಮೂಗಿಗೆ ಹನಿಸುವ ಜೀವಂತ ಲಸಿಕೆ ಮಾತ್ರ ಇವರಿಗೆ ಬೇಡ. ತೋಳಿಗೆ ಚುಚ್ಚುವ, ನಿಷ್ಕ್ರಿಯಗೊಳಿಸಿದ ಲಸಿಕೆಯೇ ಆಗಬೇಕು.

ಇದರ ಜೊತೆ ನ್ಯುಮೋಕಾಕಲ್ ಲಸಿಕೆಯ ಬಗ್ಗೆಯೂ ಕೇಳಿ. ಫ್ಲೂ ಬಂದುಹೋದ ಮೇಲೆ ಕಾಡುವ ನ್ಯುಮೋನಿಯಾದಿಂದ ಅದು ರಕ್ಷಣೆ ಕೊಡುತ್ತದೆ. ಪದೇಪದೇ ಗಂಭೀರ ಸೋಂಕು ಬಂದು ಪ್ರತಿಕಾಯ ತೀರಾ ಇಳಿದವರಿಗೆ ಇಮ್ಯುನೊಗ್ಲೋಬುಲಿನ್ ಕೊಡುವ ಚಿಕಿತ್ಸೆಯೂ ಇದೆ.

ಮನೆಯವರೇ ಕೋಟೆ

ಇಷ್ಟು ಮಾಡಿದರೂ ಲಸಿಕೆ ಪೂರ್ತಿ ನಾಟದಿರಬಹುದು. ಆದ್ದರಿಂದ ಉಳಿದವರು ಹಾಕಿಸಿಕೊಳ್ಳಬೇಕು. ದಾದಾಗೆ ಫ್ಲೂ ತರುವುದು ಹೆಚ್ಚಾಗಿ ಶಾಲೆಗೆ ಹೋಗಿಬರುವ ಮೊಮ್ಮಕ್ಕಳು, ದುಡಿದು ಬರುವ ಮಗ, ಆರೈಕೆ ಮಾಡುವ ಸೊಸೆ. ಆರು ತಿಂಗಳು ತುಂಬಿದ ಎಲ್ಲರಿಗೂ ಫ್ಲೂ ಲಸಿಕೆ ಹಾಕಬಹುದು. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ನಾಲ್ಕು ವಾರ ಬಿಟ್ಟು ಎರಡು ಡೋಸ್ ಬೇಕು.

ಸರ್ಕಾರದ ಸಾರ್ವತ್ರಿಕ ಲಸಿಕೆ ಪಟ್ಟಿಯಲ್ಲಿ ಇದಿಲ್ಲ, ಹಣ ಕೊಟ್ಟೇ ಹಾಕಿಸಬೇಕು. ಎಲ್ಲರಿಗೂ ಆಗದಿದ್ದರೆ ಮೊದಲು ರೋಗಿಗೆ, ನಂತರ ಅವರ ಆರೈಕೆ ಮಾಡುವವರಿಗೆ, ನಂತರ ಅವರೊಂದಿಗೆ ಮಲಗುವ ಮಕ್ಕಳಿಗೆ ಹಾಕಿಸಿ.

ನಮ್ಮಲ್ಲಿ ಫ್ಲೂ ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಏರುತ್ತದೆ. ಲಸಿಕೆ ಕೆಲಸ ಮಾಡಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಮೇ ಮುಗಿಯುವುದರೊಳಗೆ ಆ ವರ್ಷದ ಹೊಸ ಲಸಿಕೆ ಹಾಕಿಸಿ. ಒಂದು ಎಚ್ಚರಿಕೆ: ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಡಬೇಕು. ಕಲಬುರಗಿಯ ಅಂಗಡಿಯಲ್ಲಿ ಕೊಂಡು, ನಲವತ್ತು ದಾಟಿದ ಬಿಸಿಲಲ್ಲಿ ಬಸ್ಸಿನಲ್ಲಿ ಕೈಚೀಲದಲ್ಲಿ ತಂದರೆ ಅದು ಕೆಡುತ್ತದೆ. ಲಸಿಕೆ ಇಟ್ಟಿರುವ ಆಸ್ಪತ್ರೆಗೇ ಹೋಗಿ ಹಾಕಿಸಿಕೊಳ್ಳುವುದು ಲೇಸು.

ಹಿಜಾಮಾ, ಖಮೀರಾ, ಕಲೌಂಜಿ

ಯುನಾನಿ ವೈದ್ಯನಾಗಿ ಈ ಮಾತನ್ನು ನಾನೇ ಹೇಳಬೇಕು. ರಕ್ತಕ್ಯಾನ್ಸರ್ ಇರುವವರಿಗೆ ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಿಜಾಮಾ ಮಾಡಿಸಬೇಡಿ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ರಕ್ತ ನಿಲ್ಲದು, ಗೀರಿದ ಗಾಯದಿಂದ ಸೋಂಕು ಒಳಗೆ ಹೋಗಬಹುದು. ಇಬ್ರುಟಿನಿಬ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ ಇನ್ನೂ ಹೆಚ್ಚು. ಕುಶ್ತಾ, ಖಮೀರಾ, ದಿನವೂ ಚಮಚಗಟ್ಟಲೆ ಕಲೌಂಜಿ, ಯಾವುದೇ ಇರಲಿ, ಅವರಿಗೆ ತಿಳಿಸಿಯೇ ಕೊಡಿ. ಫ್ಲೂ ಲಸಿಕೆಯ ಬದಲಿಗೆ ಕೊಡಬಹುದಾದ ಔಷಧಿ ನಮ್ಮ ಯುನಾನಿಯಲ್ಲಿ ಇಲ್ಲ. ನಮ್ಮ ಪದ್ಧತಿ ಹೇಳುವ ಶುದ್ಧ ಗಾಳಿ, ಹಿತವಾದ ಊಟ, ಸಾಕಷ್ಟು ನಿದ್ದೆ, ಮನಸ್ಸಿನ ನೆಮ್ಮದಿ ಇವೆಲ್ಲ ಚಿಕಿತ್ಸೆಯ ಜೊತೆಗಿರಲಿ.

ರಮಜಾನ್‌ನಲ್ಲಿ ಲಸಿಕೆಯ ದಿನ ಬಂದರೆ ಮುಂದೂಡಬೇಡಿ. ಪೋಷಣೆ ನೀಡದ ಇಂಜೆಕ್ಷನ್‌ನಿಂದ ರೋಜಾ ಮುರಿಯದೆಂಬುದು ಬಹುತೇಕ ಉಲಮಾಗಳ ಅಭಿಪ್ರಾಯ. ಸಂಶಯವಿದ್ದರೆ ನಿಮ್ಮ ಇಮಾಮರನ್ನು ಕೇಳಿ, ಅಥವಾ ಇಫ್ತಾರ್ ನಂತರ ಹಾಕಿಸಿಕೊಳ್ಳಿ.

ಜ್ವರ ಬಂದರೆ ಕಾಯಬೇಡಿ

ಲಸಿಕೆ ಹಾಕಿಸಿಕೊಂಡಿದ್ದರೂ ಇಂಥವರಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಫ್ಲೂಗೆ ಒಸೆಲ್ಟಾಮಿವಿರ್ ಎಂಬ ಔಷಧಿ ಇದೆ. ಲಕ್ಷಣ ಕಂಡ 48 ಗಂಟೆಯೊಳಗೆ ಶುರು ಮಾಡಿದರೆ ಅದರ ಫಲ ಹೆಚ್ಚು. ತಾಲೂಕು ಆಸ್ಪತ್ರೆಯಲ್ಲಿ ‘ಜ್ವರ ಬಂದಿದೆ’ ಎಂದಷ್ಟೇ ಹೇಳದೆ, ‘ಇವರಿಗೆ ರಕ್ತಕ್ಯಾನ್ಸರ್ ಇದೆ’ ಎಂದು ಮೊದಲೇ ಹೇಳಿ, ಹಳೆಯ ರಿಪೋರ್ಟ್ ತೋರಿಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲೇ ಇದೆ. ಮುಂದಿನ ಸಲ ಅಲ್ಲಿಗೋ, ನೀವು ತೋರಿಸುವ ಬೇರೆ ಆಸ್ಪತ್ರೆಗೋ ಹೋದಾಗ ಈ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಫ್ಲೂ ಲಸಿಕೆ ಯಾವಾಗ ಹಾಕಿಸಬೇಕು? ನ್ಯುಮೋಕಾಕಲ್ ಲಸಿಕೆ ಬೇಕೇ? ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು? ಉತ್ತರಗಳನ್ನು ಅದೇ ಚೀಟಿಯಲ್ಲಿ ಬರೆಸಿಕೊಂಡು, ಮನೆಯವರೆಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ.