ಯೋಗ ಶಿಕ್ಷಕರೇ, ಮೊದಲು ಬೇಸಿಕ್ ಕೇಳಿ

ದುಬೈ, ಅಬುಧಾಬಿಯ ಕಡಲತೀರದ ರೆಸಾರ್ಟ್‌ನಲ್ಲಿ ಯೋಗ ಕಲಿಸೋ ಕೆಲಸ ಸಿಕ್ಕಿದೆಯೇ? ರೂಮು, ಊಟ ಸೇರಿಸಿ ಹೇಳುವ ಒಟ್ಟು ಸಂಬಳ ನೋಡಿ ಸಹಿ ಹಾಕಬೇಡಿ. ಆಫರ್ ಲೆಟರ್‌ನಲ್ಲಿ ಬೇಸಿಕ್ ಎಷ್ಟಿದೆ ನೋಡಿ.

2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಇಲ್ಲಿನ ಕಾರ್ಮಿಕ ಕಾನೂನಿನಲ್ಲಿ ಗ್ರಾಚ್ಯುಟಿ ಲೆಕ್ಕ ಹಾಕೋದು ಬೇಸಿಕ್ ಮೇಲೆ ಮಾತ್ರ. ಒಂದು ವರ್ಷ ಪೂರೈಸಿರಬೇಕು. ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು.

ಲೆಕ್ಕ ನೋಡಿ: 3 ವರ್ಷ ದುಡಿದು ಬಿಟ್ಟರೆ, ಬೇಸಿಕ್ 3,000 ದಿರ್ಹಮ್ ಇದ್ದವರಿಗೆ 6,300 ಸಿಗುತ್ತೆ. 2,000 ಇದ್ದವರಿಗೆ 4,200 ಅಷ್ಟೇ.

ವಿಸಿಟ್ ವೀಸಾದಲ್ಲಿ ಕ್ಲಾಸ್ ನಡೆಸುವುದು ಕಾನೂನುಬಾಹಿರ. ವೀಸಾ ಖರ್ಚು ಮಾಲೀಕರದ್ದು, ನಿಮ್ಮ ಸಂಬಳದಲ್ಲಿ ಹಿಡಿಯುವಂತಿಲ್ಲ. ಪಾಸ್‌ಪೋರ್ಟ್ ನಿಮ್ಮ ಹತ್ರಾನೇ ಇರಲಿ. ತೊಂದರೆಯಾದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಮಾಡಿ: 800 46342, ಉಚಿತ.