ಹಿಟ್ಟು, ಥುಕ್ಪಾ, ಹೆಜ್ಜೇನು

ಹನೂರಿನಿಂದ ಒಡೆಯರಪಾಳ್ಯಕ್ಕೆ ಹೋಗುವವರೆಗೂ ಎಲ್ಲವೂ ಪರಿಚಿತ. ರಾಗಿ ಹೊಲ, ಮುಸುಕಿನ ಜೋಳ, ಬೇಲಿಯ ಕತ್ತಾಳೆ, ದೂರದಲ್ಲಿ ನೀಲಿ ಬೆಟ್ಟ. ಅಲ್ಲಿಂದ ಮುಂದೆ ಇದ್ದಕ್ಕಿದ್ದಂತೆ ಮರಗಳ ನಡುವೆ ಬಣ್ಣದ ಪ್ರಾರ್ಥನಾ ಬಾವುಟಗಳು ಹಾರಾಡುತ್ತವೆ. ಇದು ಧೊಂಡೆನ್‌ಲಿಂಗ್, 1970ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ ನಿರಾಶ್ರಿತರ ಶಿಬಿರ. ಜೊಗ್‌ಚೆನ್ ಮಠದ ಚಿನ್ನದ ಬಣ್ಣದ ಚಾವಣಿಯನ್ನು ನೋಡಿ ಫೋಟೊ ತೆಗೆದುಕೊಂಡು ಹೊರಡುವವರೇ ಹೆಚ್ಚು. ಆದರೆ ಟಿಬೆಟ್ ಇರುವುದು ಮಠದ ಗೋಡೆಯಲ್ಲಿ ಮಾತ್ರ ಅಲ್ಲ, ಥುಕ್ಪಾದ ಬಟ್ಟಲಿನಲ್ಲೂ ಇದೆ. ಹಬೆಯಾಡುವ ತೆಳು ಸಾರು, ಅದರೊಳಗೆ ಉದ್ದುದ್ದ ಗೋಧಿ ಶಾವಿಗೆ, ಮೇಲೆ ಹೆಚ್ಚಿದ ಈರುಳ್ಳಿ ಸೊಪ್ಪು. ಮೊಮೊ ನಮ್ಮವರಿಗೆ ಕಷ್ಟವಾಗುವುದಿಲ್ಲ. ಕಡುಬು ತಿಂದು ಬೆಳೆದವರಿಗೆ ಅದರ ಗುಟ್ಟು ಹೇಳಿಕೊಡಬೇಕಾಗಿಲ್ಲ. ತಡವರಿಸುವುದು ಚಹಾದ ಹತ್ತಿರ. ಬೆಣ್ಣೆ, ಉಪ್ಪು ಹಾಕಿ ಕಡೆದ ಟಿಬೆಟನ್ ಚಹಾವನ್ನು ಸಕ್ಕರೆ ಚಹಾ ಎಂದುಕೊಂಡು ಕುಡಿದವರ ಮುಖವನ್ನು ನೋಡಬೇಕು! ಸಾರು ಎಂದುಕೊಂಡು ಕುಡಿದರೆ ರುಚಿ ಹತ್ತುತ್ತದೆ.

ಈ ಶಿಬಿರದಲ್ಲಿ ಹೆಚ್ಚು ಯೋಚನೆಗೆ ಹಚ್ಚುವ ತಿನಿಸು ತ್ಸಂಪಾ. ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟು ಅದು. ಬೆಣ್ಣೆ ಚಹಾ ಹಾಕಿ ಬಟ್ಟಲಲ್ಲೇ ಬೆರಳಿನಿಂದ ಕಲಸಿ, ಉಂಡೆ ಮಾಡಿ ತಿನ್ನುತ್ತಾರೆ. ಹಿಟ್ಟನ್ನು ಮತ್ತೆ ಬೇಯಿಸಬೇಕಿಲ್ಲ, ಬಟ್ಟಲೊಂದಿದ್ದರೆ ಸಾಕು. ಬೆಟ್ಟಗಾಡಿನಲ್ಲಿ ದನ ಕಾಯುವವನಿಗೆ, ದೂರ ನಡೆಯುವವನಿಗೆ ಹೇಳಿ ಮಾಡಿಸಿದ್ದು. ಇಷ್ಟು ಕೇಳಿದ ಕೊಳ್ಳೇಗಾಲದ ಯಾವ ಅಜ್ಜಿಯೂ "ಇದು ನಮ್ಮ ಹುರಿಟ್ಟು ಕನಪ್ಪಾ" ಎನ್ನದೆ ಇರಲಾರಳು. ರಾಗಿಗೆ ನೀರು ಚಿಮುಕಿಸಿ, ಬಾಂಡಲಿಯಲ್ಲಿ ಅರಳುವವರೆಗೆ ಹುರಿದು, ಬೀಸಿ, ಬೆಲ್ಲ ಕಾಯಿ ಹಾಕಿ ಕಲಸುವ ಹುರಿಹಿಟ್ಟಿಗೂ ತ್ಸಂಪಾಕ್ಕೂ ಇರುವುದು ಧಾನ್ಯದ ವ್ಯತ್ಯಾಸ, ಅಷ್ಟೆ. ಹಿಮಾಲಯದ ಆಚೆಯಿಂದ ಬಂದವರು ನೆಲೆಗೊಂಡದ್ದು ಹುರಿಹಿಟ್ಟಿನ ಸೀಮೆಯಲ್ಲಿ.

ಯುರೋಪಿನ ಸಣ್ಣ ದೇಶಗಳನ್ನು ನಾಲಿಗೆಯಿಂದ ನೋಡುವುದು ಈಗ ಪ್ರವಾಸಿಗರ ಅಚ್ಚುಮೆಚ್ಚಿನ ಹವ್ಯಾಸ. ಲೀಚ್‌ಟೆನ್‌ಸ್ಟೈನ್‌ನ ವಿಸ್ತೀರ್ಣ ಸುಮಾರು 160 ಚದರ ಕಿಲೋಮೀಟರ್, ಮಾಲ್ಟಾದ್ದು 316. ಹಾಗೆ ನೋಡಬಹುದಾದ ಜಾಗ ಇಲ್ಲೂ ಇದೆ: ನಮ್ಮ ಯಳಂದೂರು ತಾಲ್ಲೂಕು ಗಾತ್ರದಲ್ಲಿ ಇವೆರಡರ ನಡುವೆ ಬರುತ್ತದೆ. ಅದಕ್ಕೂ ಒಂದು ಕಾಲದಲ್ಲಿ 'ಸಂಸ್ಥಾನ'ದ ಗತ್ತಿತ್ತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕಿದ್ದು ಇದೇ ಊರು. ಪಕ್ಕದ ಕೊಳ್ಳೇಗಾಲದ್ದು ಇನ್ನೊಂದು ಕಥೆ. 1956ರ ನವೆಂಬರ್ 1ರವರೆಗೆ ಅದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಳ್ಳೇಗಾಲ ಈಚೆ ಬಂತು, ಕನ್ನಡದವರೇ ತುಂಬಿದ್ದ ತಾಳವಾಡಿ ಆಚೆ ಉಳಿಯಿತು. ಗಡಿ ಎಳೆದವರು ಒಲೆಗಳನ್ನು ಕೇಳಲಿಲ್ಲ. ಹಾಗಾಗಿ ಮಾರ್ಟಳ್ಳಿ, ಪಾಲಾರ್ ಕಡೆ ಇಳಿದಂತೆ ಸಾರು ಮೆಲ್ಲಗೆ ಕುಳಂಬಾಗುತ್ತದೆ. ತಾಳವಾಡಿಯಲ್ಲಿ ಮತ್ತೆ ಹಿಟ್ಟು ಸಿಗುತ್ತದೆ.

ಹಿಟ್ಟು ಎಂದರೆ ಮುದ್ದೆ. ಬೆಂಗಳೂರಿನಿಂದ ಬಂದವರು ಇದನ್ನು ಮೊದಲು ತಿಳಿದುಕೊಳ್ಳಬೇಕು. "ಹಿಟ್ಟುಣ್ತೀರಾ, ಅನ್ನ ಉಣ್ತೀರಾ?" ಎಂದು ಕೇಳಿದರೆ ಹಸಿ ಹಿಟ್ಟೆಂದು ಬೆಚ್ಚಬೇಕಾಗಿಲ್ಲ. ಎಸರು ಕುದಿಯುವಾಗ ರಾಗಿಹಿಟ್ಟನ್ನು ಸುರಿದು, ನಡುವೆ ಕೋಲು ನೆಟ್ಟು, ಬೇಯಲು ಬಿಟ್ಟು, ಆಮೇಲೆ ಮಡಕೆಯನ್ನು ಅಮುಕಿ ಹಿಡಿದು ಗಂಟು ಒಡೆಯುವಂತೆ ತೊಳಸುತ್ತಾರೆ. ತೊಳಸುವವರ ರಟ್ಟೆ ನೋಡಿದರೆ ಸಾಕು, ಇದು ಅಡಿಗೆಗಿಂತ ಹೆಚ್ಚಾಗಿ ಹೊಲದ ಕೆಲಸ ಎನ್ನಿಸುತ್ತದೆ. ಜೊತೆಗೆ ಉಪ್ಸಾರು. ಹುರುಳಿಯನ್ನೋ ಅವರೆಯನ್ನೋ ಸೊಪ್ಪಿನ ಜೊತೆ ಬೇಯಿಸಿ ಬಸಿದ ಕಟ್ಟಿಗೆ ಉಪ್ಪು ಹಾಕಿದರೆ ಸಾರು ಮುಗಿಯಿತು. ಜಾಣತನವೆಲ್ಲ ಇರುವುದು ತಟ್ಟೆಯ ಅಂಚಿನ ಖಾರದಲ್ಲಿ: ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಎಲ್ಲವನ್ನೂ ಕಲ್ಲಿನಲ್ಲಿ ಅರೆದದ್ದು. ಸಾರಿಗೆ ಎಷ್ಟು ಖಾರ ಕಲಸಿಕೊಳ್ಳಬೇಕೆಂಬುದು ಉಣ್ಣುವವರ ಲೆಕ್ಕ. ಒಂದೇ ಮಡಕೆಯ ಸಾರು ಮಗುವಿಗೂ ಆಗುತ್ತದೆ, ಖಾರದ ಹುಚ್ಚಿನ ಮಾವನಿಗೂ ಆಗುತ್ತದೆ. ಬಸಿದು ಉಳಿದ ಸೊಪ್ಪು ಕಾಳು ಪಲ್ಯ. ಏನೂ ದಂಡವಾಗದ ಅಡಿಗೆ.

ಈ ಸೀಮೆಯ ದೇವರೂ ರಾಗಿಯ ನಂಟಿನವನೇ. ಮಲೆ ಮಾದೇಶ್ವರ ಸುತ್ತೂರು ಮಠದಲ್ಲಿ ರಾಗಿ ಬೀಸಿದನೆಂದು ಕಂಸಾಳೆಯವರ ಕಥನ ಹಾಡುತ್ತದೆ. ಶಿವರಾತ್ರಿಯ ಹೊತ್ತಿಗೆ ಕನಕಪುರದ ಕಡೆಯಿಂದ ಕಾವೇರಿ ದಾಟಿ ಸಾವಿರಾರು ಜನ ಬೆಟ್ಟಕ್ಕೆ ನಡೆಯುತ್ತಾರೆ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಅನ್ನದ ರಾಶಿ. ಇತ್ತ ಚಿಕ್ಕಲ್ಲೂರಿನಲ್ಲಿ ಜನವರಿ ಹುಣ್ಣಿಮೆಗೆ ಸಿದ್ದಪ್ಪಾಜಿಯ ಜಾತ್ರೆ. ಐದು ದಿನಗಳ ಜಾತ್ರೆಯಲ್ಲಿ ಪಂಕ್ತಿಸೇವೆಯ ದಿನ ಬಯಲಲ್ಲೇ ಒಲೆ ಹೂಡಿ ಬಾಡು ಬೇಯಿಸಿ, ಸಾಲಾಗಿ ಕೂತು ಉಣ್ಣುವುದು ಸಿದ್ದಪ್ಪಾಜಿಯ ಒಕ್ಕಲಾದ ನೀಲಗಾರರ ಪರಂಪರೆ. ಪ್ರಾಣಿಬಲಿಯನ್ನು ತಡೆಯುವ 1959ರ ಕಾಯ್ದೆಯ ನೆರಳು ಇದರ ಮೇಲೆ ಪ್ರತಿವರ್ಷ ಬೀಳುತ್ತದೆ. ಇದು ಬಲಿಯಲ್ಲ, ಸಹಭೋಜನ ಎಂಬುದು ಭಕ್ತರ ವಾದ. ಜಾತಿ ಕೇಳದೆ ಹಾಕುವ ಎಲೆಯನ್ನು ಬಲಿಪೀಠದಷ್ಟೇ ಅನುಮಾನದಿಂದ ನೋಡುವುದು ನ್ಯಾಯವೆ, ಯೋಚಿಸಬೇಕು.

ಪ್ರಸಾದದ ಮೇಲಿನ ನಂಬಿಕೆಗೆ ಇಲ್ಲೊಂದು ಗಾಯವೂ ಇದೆ. 2018ರ ಡಿಸೆಂಬರ್ 14ರಂದು ಹನೂರು ಕಡೆಯ ಸುಳವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆಸಿದ ಪ್ರಸಾದ ತಿಂದು 17 ಮಂದಿ ಸತ್ತರು. ಆ ಊರಿನಲ್ಲಿ ಊಟದ ಮಾತು ಎತ್ತುವ ಪ್ರವಾಸಿ ಇದನ್ನು ತಿಳಿದಿರುವುದು ಒಳ್ಳೆಯದು.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿದರೆ ಊಟದ ಭಾಷೆಯೇ ಬದಲಾಗುತ್ತದೆ. ಇಲ್ಲಿನ ಕಾಡಿನವರಾದ ಸೋಲಿಗರಿಗೆ ಜೇನು ಎಂದರೆ ಒಂದೇ ಅಲ್ಲ. ಎತ್ತರದ ಮರ, ಬಂಡೆಗಳಿಗೆ ಕಟ್ಟುವ ಹೆಜ್ಜೇನು, ಪೊಟರೆಯ ತುಡುವೆ, ಪೊದೆಯ ಕೋಲುಜೇನು, ಸೊಳ್ಳೆಯಷ್ಟೇ ಇರುವ ನಸರಿ. ನಾಲ್ಕಕ್ಕೂ ಬೇರೆ ರುಚಿ, ಬೇರೆ ಉಪಯೋಗ. ಕಾಡಿನಲ್ಲಿ ಯಾವ ಮರ ಹೂಬಿಟ್ಟಿದೆ ಎಂಬುದರ ಮೇಲೆ ಜೇನಿನ ಬಣ್ಣವೂ ಒಗರೂ ಬದಲಾಗುತ್ತವೆ. ಹೆಜ್ಜೇನು ಇಳಿಸುವುದು ರಾತ್ರಿ, ಹೊಗೆ ಹಾಕಿ, ಹಾಡು ಹೇಳುತ್ತ.

ಯುರೋಪಿನ ಪುಟ್ಟ ಸ್ಲೊವೇನಿಯಾಕ್ಕೂ ಜೇನೆಂದರೆ ಪ್ರಾಣ. ಅಲ್ಲಿನವರು ಪೆಟ್ಟಿಗೆಗಳ ಮುಂಭಾಗಕ್ಕೆ ಚಿತ್ರ ಬರೆದು ಹುಳು ಸಾಕುತ್ತಾರೆ. ಮೇ 20ರ ವಿಶ್ವ ಜೇನುನೊಣ ದಿನವನ್ನು ವಿಶ್ವಸಂಸ್ಥೆ ಘೋಷಿಸಿದ್ದು ಆ ದೇಶದ ಪ್ರಸ್ತಾವದಿಂದಲೇ. ಹೆಜ್ಜೇನು ಮಾತ್ರ ಯಾವ ಪೆಟ್ಟಿಗೆಗೂ ಒಗ್ಗದು, ಈ ಬೆಟ್ಟದಲ್ಲಿ ಅದು ಕಾಡಿನದೇ. ಕಾಡಿಗೆ ಕಾನೂನು ಬಂದಾಗ ಜೇನಿಗೂ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಸೋಲಿಗರು ಕುಮರಿ ಬೇಸಾಯ ಬಿಟ್ಟು ಪೋಡು ಎಂಬ ಹಾಡಿಗಳಿಗೆ ಇಳಿದರು. 2011ರಲ್ಲಿ ಕಾಡು ಹುಲಿ ಮೀಸಲು ಪ್ರದೇಶವೂ ಆಯಿತು. ಅದೇ ವರ್ಷ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳೂ ಸಿಕ್ಕವು. ರಾಗಿ, ಅವರೆ, ಸಾಸಿವೆ ಕಲಸಿ ಬಿತ್ತುತ್ತಿದ್ದ ಕೆಲವು ಪೋಡುಗಳಲ್ಲಿ ಈಗ ಮರದ ನೆರಳಲ್ಲಿ ಕಾಫಿ ಗಿಡ. ಬ್ರಿಟಿಷ್ ಕಾಲದಲ್ಲಿ ಮಾರಿಸ್ ಮನೆತನ ಇದೇ ಬೆಟ್ಟಸಾಲಿನಲ್ಲಿ ತೋಟ ಮಾಡಿ ಕುಡಿಸಿದ ಕಾಫಿಯನ್ನು ಈಗ ಸೋಲಿಗರೇ ಬೆಳೆಯುತ್ತಾರೆ. ಹಿಡಿ ಬೆಲ್ಲ ಹಾಕಿದ ಕರಿ ಕಾಫಿಯನ್ನು ಪೋಡಿನ ಜಗುಲಿಯ ಮೇಲೆ ಕೂತು ಕುಡಿಯಬೇಕು. ಹಾಲು ಕೇಳಬೇಡಿ.

ಬೆಟ್ಟ ಇಳಿದರೆ ಯಳಂದೂರಿನ ಗೌರೀಶ್ವರ ಗುಡಿ, ಕಲ್ಲಿನ ಬಳೆಗಳನ್ನು ಸರಪಳಿಯಾಗಿ ಕಡೆದ ಬಳೆಮಂಟಪ. ಇದೇ ಊರಿನ ಹುಡುಗಿ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಗೆ ಹೋಗಿ 'ಹದಿಬದೆಯ ಧರ್ಮ' ಬರೆದಳು. ಅವಳ ಹೆಸರಿನ ಮುಂದೆ ಅಂಟಿಕೊಂಡದ್ದು ಕಾವ್ಯದ ಬಿರುದಲ್ಲ, ಕೆಲಸದ ಹೆಸರು: ಸಂಚಿ, ಅಂದರೆ ಎಲೆ ಅಡಿಕೆ ಚೀಲ. ಮುನ್ನೂರು ವರ್ಷ ಕಳೆದರೂ ಹಿಟ್ಟುಂಡು ಬಂದವರು ಊರಿನ ಪೆಟ್ಟಿಗೆ ಅಂಗಡಿಯಲ್ಲಿ ಎಲೆಯ ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಚೂರು ಇಟ್ಟು, ಮಡಿಸಿ ದವಡೆಗೆ ತಳ್ಳಿಕೊಂಡೇ ಕೊಳ್ಳೇಗಾಲದ ಬಸ್ಸು ಹತ್ತುತ್ತಾರೆ.