ನಿಮಗಿದು ಗೊತ್ತೆ? ಐನೋರು, ಸಾಬ್ರು, ದಾಸಯ್ಯ

ದಾವಣಗೆರೆ–ಹರಿಹರದ ಆಡುಮಾತಿನಲ್ಲಿ ಲಿಂಗಾಯತ ಜಂಗಮರು ‘ಐನೋರು’, ಮುಸ್ಲಿಮರು ‘ಸಾಬ್ರು’. ಎರಡರ ಮೂಲವೂ ಗೌರವವೇ.

‘ಅಯ್ಯನವರು’ ಬಾಯಿಂದ ಬಾಯಿಗೆ ಸವೆದು ‘ಐನೋರು’ ಆಗಿದೆ. ಗೃಹಪ್ರವೇಶವಿರಲಿ, ಲಿಂಗಧಾರಣೆಯಿರಲಿ, ‘ಐನೋರು ಬಂದ್ರಾ?’ ಎಂಬ ವಿಚಾರಣೆ ಮೊದಲು. ‘ಸಾಬ್ರು’ ಬಂದದ್ದು ಅರಬ್ಬಿಯ ‘ಸಾಹಿಬ್’ನಿಂದ. ಅಲ್ಲಿ ಅದಕ್ಕೆ ಸಂಗಾತಿ, ಒಡೆಯ ಎಂಬ ಅರ್ಥಗಳಿವೆ. ಕನ್ನಡಕ್ಕೆ ಬಂದು ‘ಸಾಹೇಬ’, ‘ಸಾಬ’ ಆಗಿ, ಗೌರವದ ‘ರು’ ಸೇರಿಸಿಕೊಂಡಿತು.

ಅದೇ ಪದ ‘ಸಾಬಿ’ ಆದರೆ ಮಾತು ತುಚ್ಛವಾಗುತ್ತದೆ, ಕೇಳಿದವರ ಮನಸ್ಸು ನೋಯುತ್ತದೆ. ಪತ್ರಿಕೆ, ಭಾಷಣ, ತರಗತಿಗಳಲ್ಲಿ ‘ಮುಸ್ಲಿಮರು’ ಎನ್ನುವುದೇ ಸರಿ.

ಇದೇ ಆಡುಮಾತಿನಲ್ಲಿ ಶಂಖ ಊದಿ, ಜಾಗಟೆ ಬಾರಿಸುತ್ತ ಮನೆ ಬಾಗಿಲಿಗೆ ಬರುವ ವೈಷ್ಣವ ಭಿಕ್ಷುಕ ‘ದಾಸಯ್ಯ’. ಹಣೆಯ ಮೇಲೆ ಅಗಲವಾದ ನಾಮ, ಹೆಗಲಲ್ಲಿ ಜೋಳಿಗೆ. ಜಂಗಮರ ಗುರುತು ವಿಭೂತಿ, ರುದ್ರಾಕ್ಷಿ.

ನಾಮ–ವಿಭೂತಿಗಳ ಈ ಎರಡು ಪಂಥಗಳ ದೇವರೂ ಹರಿಹರದಲ್ಲಿ ಒಂದೇ ವಿಗ್ರಹ: ಅರ್ಧ ವಿಷ್ಣು, ಅರ್ಧ ಶಿವ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ. ಅದೇ ಊರಿನ ಆರೋಗ್ಯ ಮಾತೆಯ ಚರ್ಚಿನಲ್ಲಿ ಸೆಪ್ಟೆಂಬರ್ 8ರಂದು ನಡೆಯುವ ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ.